ಥಾಯ್ ವಿಮಾನಗಳೂ ನನ್ನ ಮೊಣಕಾಲೂ

ಸಂಡಿಗೆ ಕಾಯುವವನು ಆಕಾಶ ನೋಡಬಾರದು. ಈ ಸತ್ಯ ನನಗೆ ತಿಳಿದದ್ದು ನಿವೃತ್ತಿಯ ನಂತರ. ಮೂವತ್ತು ವರ್ಷ ಹೊಸಪೇಟೆಯ ಕಾಲೇಜೊಂದರಲ್ಲಿ ಕನ್ನಡ ಪಾಠ ಹೇಳಿ ಮನೆಗೆ ಮರಳಿದ ನನಗೆ ಹೆಂಡತಿ ನೀಲಮ್ಮ ವಹಿಸಿದ ಮೊದಲ ಜವಾಬ್ದಾರಿಯೆಂದರೆ, ಬೇಸಿಗೆಯಲ್ಲಿ ಮಾಳಿಗೆಯ ಮೇಲೆ ಒಣಹಾಕಿದ ಸಂಡಿಗೆಯನ್ನು ಕಾಗೆಗಳಿಂದ ರಕ್ಷಿಸುವುದು. ಕೈಯಲ್ಲೊಂದು ಕೋಲು ಹಿಡಿದು, ತಲೆಯ ಮೇಲೆ ಒದ್ದೆ ಟವೆಲು ಹೊದ್ದು ನಾನು ಕುಳಿತಿರುವಾಗ ಪಡುವಣದಿಂದ, ಗೋವಾದ ಕಡೆಯಿಂದ, ನೀಲಿಯ ಮೇಲೆ ಬಿಳಿಗೀರು ಎಳೆಯುತ್ತ ಒಂದು ವಿಮಾನ ಬರುತ್ತದೆ. ಅದು ಬ್ಯಾಂಕಾಕಿಗೆ ಹೊರಟದ್ದಿರಬಹುದು ಎಂಬ ಗುಮಾನಿಯೊಂದೇ ಸಾಕು, ಅದು ಕಂಪ್ಲಿಯ ದಿಕ್ಕಿನಲ್ಲಿ ಕರಗುವವರೆಗೂ ನಾನು ಕತ್ತೆತ್ತಿ ನೋಡುತ್ತೇನೆ. ಕತ್ತು ಸ್ವಸ್ಥಾನಕ್ಕೆ ಮರಳುವಷ್ಟರಲ್ಲಿ ಕಾಗೆಗಳು ತಮ್ಮ ಪಾಲು ಮುಗಿಸಿರುತ್ತವೆ.

"ನಿಮ್ಮ ವಿಮಾನ ಮ್ಯಾಲೆ ಹಾರತೈತಿ, ನನ್ನ ಸಂಡಿಗಿ ಕೆಳಗ ಹಾರತೈತಿ" ಎಂದು ನೀಲಮ್ಮ ಹೇಳುವುದು ಇದಕ್ಕೇ.

ವಿಮಾನದ ಹುಚ್ಚು ಯಾರಿಗಾದರೂ ಹಿಡಿಯಬಹುದು. ಆದರೆ ಥಾಯ್ಲೆಂಡಿನ ವಿಮಾನಗಳೇ ಏಕೆ ಎಂದು ನೀವು ಕೇಳಬಹುದು. ಕೇಳದವರೇ ಇಲ್ಲ. ಬಹಳ ಹಿಂದೆ ಹಂಪಿಯ ಚಹಾದಂಗಡಿಯೊಂದರಲ್ಲಿ ಯಾರೋ ಪ್ರವಾಸಿಗ ಬಿಟ್ಟುಹೋದ ಸಚಿತ್ರ ಪತ್ರಿಕೆ ನನ್ನ ಕೈಗೆ ಸಿಕ್ಕಿತು. ಅದರ ತುಂಬ ಥಾಯ್ ದೇಶದ ವಿಮಾನಗಳು. ನನ್ನನ್ನು ಹಿಡಿದು ನಿಲ್ಲಿಸಿದ್ದು ಅವುಗಳ ರೆಕ್ಕೆಯಲ್ಲ, ಹೆಸರು. ಅವರ ದೊಡ್ಡ ವಿಮಾನ ನಿಲ್ದಾಣದ ಹೆಸರು ಸುವರ್ಣಭೂಮಿ. ವಿಮಾನಕ್ಕೆ ಅವರು 'ಅಕಾತ್ಸಯಾನ್' ಎನ್ನುತ್ತಾರೆ, ಅಂದರೆ ನಮ್ಮ ಆಕಾಶಯಾನ. ವಾಯುನೆಲೆಯಿರುವ ಅವರ 'ಪಿಟ್ಸನುಲೋಕ್' ಎಂಬ ಊರನ್ನು ಸ್ವಲ್ಪ ತಿಕ್ಕಿ ತೊಳೆದರೆ ಒಳಗಿಂದ ವಿಷ್ಣುಲೋಕ ಹೊಳೆಯುತ್ತದೆ. ತತ್ಸಮ ತದ್ಭವಗಳನ್ನು ಪಾಠ ಮಾಡಿ ಸವೆದ ಮೇಷ್ಟ್ರಿಗೆ, ತದ್ಭವಗಳೇ ರೆಕ್ಕೆ ಕಟ್ಟಿಕೊಂಡು ಹಾರುವ ದೇಶವೊಂದಿದೆ ಎಂದರೆ ಇನ್ನೇನು ಬೇಕು? ಅಂದಿನಿಂದ ಆ ದೇಶದ ಯುದ್ಧವಿಮಾನ, ಸರಕುವಿಮಾನ, ದ್ವೀಪಗಳಿಗೆ ಹಾರುವ ಪುಟ್ಟ ಪಂಖದ ವಿಮಾನ ಎಲ್ಲವನ್ನೂ ಚಿತ್ರ ಸಮೇತ ದಪ್ಪ ಪುಸ್ತಕಗಳಲ್ಲಿ ಅಂಟಿಸಿ, ಪಕ್ಕದಲ್ಲಿ ನನ್ನ ದುಂಡು ಅಕ್ಷರದಲ್ಲಿ ವಂಶಾವಳಿ ಬರೆಯುತ್ತ ಬಂದೆ. ಅವುಗಳಲ್ಲಿ ನನಗೆ ಅತಿಪ್ರಿಯವಾದದ್ದು ವಿಷ್ಣುಲೋಕದ ಡಕೋಟಾ, ಮಹಾಯುದ್ಧದ ಕಾಲದ ಸರಕುವಿಮಾನ. ನನಗಿಂತ ವಯಸ್ಸಾದ ಒಡಲಿಗೆ ಹೊಸ ಕಾಲದ ಎಂಜಿನ್ ಕೂರಿಸಿ, ಮೋಡ ಬಿತ್ತಿ ಮಳೆ ತರಿಸುವ ಕೆಲಸಕ್ಕೆ ಅದನ್ನು ಹಚ್ಚಿದ್ದರು. ನಿವೃತ್ತಿಯ ಅಂಚಿನಲ್ಲಿದ್ದ ನನಗೆ ಇದರಿಂದ ಆದ ಸಮಾಧಾನ ಅಷ್ಟಿಷ್ಟಲ್ಲ.

ನಿವೃತ್ತಿಯಾದ ವರ್ಷವೇ ಹೈದರಾಬಾದಿನಿಂದ ಬ್ಯಾಂಕಾಕಿಗೆ ಟಿಕೆಟು ಮಾಡಿಸಿದೆ. ನೀಲಮ್ಮನಿಗೆ ಬರುವ ಉಮೇದಿರಲಿಲ್ಲ. ಒಂದು ಡಬ್ಬಿ ಶೇಂಗಾ ಚಟ್ನಿಪುಡಿ, ಎರಡು ಕಟ್ಟು ಖಡಕ್ ರೊಟ್ಟಿ ಕಟ್ಟಿಕೊಟ್ಟಳು. ನಾನು ಪ್ರತಿವಾರ ಹೋಗುವ ಊರಿನ ಓದುಗರ ಬಳಗದವರು ಬಸ್ ನಿಲ್ದಾಣದವರೆಗೆ ಬಂದು ಹಾರ ಹಾಕಿ ಬೀಳ್ಕೊಟ್ಟರು. ಹೈದರಾಬಾದಿನ ನಿಲ್ದಾಣದಲ್ಲಿ ಎಲ್ಲ ತಪಾಸಣೆ ಮುಗಿಸಿ, ಗಾಜಿನ ಆಚೆ ನಿಂತ ವಿಮಾನವನ್ನು ಮೊದಲ ಬಾರಿಗೆ ಅಷ್ಟು ಹತ್ತಿರದಿಂದ ನೋಡಿದೆ. ಚಿತ್ರದಲ್ಲಿ ಅಂಗೈಯಗಲ ಇದ್ದದ್ದು ಅಲ್ಲಿ ಹಂಪಿಯ ಬಂಡೆಯಷ್ಟಿತ್ತು. ಇದು ಮೇಲೆ ಹೋಗುತ್ತದೆಯೇ? ಹೋಗುತ್ತದೆ. ಹೇಗೆ ಹೋಗುತ್ತದೆಂದು ನನ್ನಷ್ಟು ವಿವರವಾಗಿ ಆ ಸಾಲಿನಲ್ಲಿ ಯಾರೂ ಹೇಳಲಾರರು. ಆದರೆ ಏಳಬೇಕೆಂದಾಗ ನನ್ನ ಮೊಣಕಾಲುಗಳು ಏಳಲಿಲ್ಲ. ಸಾಲು ಕರಗಿತು. ಧ್ವನಿವರ್ಧಕದಲ್ಲಿ ನನ್ನ ಹೆಸರನ್ನು ಮೂರು ಸಲ ಕರೆದರು, ಮೂರು ಸಲವೂ ತಪ್ಪು ಉಚ್ಚಾರಣೆಯಲ್ಲಿ. ಅದು ನನ್ನ ಹೆಸರಲ್ಲ ಎಂದು ನನಗೆ ನಾನೇ ಹೇಳಿಕೊಂಡು ಕುಳಿತೇ ಇದ್ದೆ. ವಿಮಾನ ಹೋಯಿತು.

ನೀಲಮ್ಮನಿಗೆ ಫೋನು ಮಾಡಿ, "ಹತ್ತಲಿಲ್ಲ" ಎಂದೆ.

ಅವಳು, "ಊಟ ಮಾಡೀರೇನು?" ಎಂದಳು.

ಬೀಳ್ಕೊಟ್ಟ ಹಾರ ಬಾಡುವ ಮೊದಲೇ ಊರಿಗೆ ಮರಳಲು ಮುಖವಿರಲಿಲ್ಲ. ಹೈದರಾಬಾದಿನ ಲಾಡ್ಜೊಂದರಲ್ಲಿ ಐದು ದಿನ ರೊಟ್ಟಿ ಚಟ್ನಿ ತಿಂದು ಕಾಲ ಕಳೆದು ಬಂದೆ. "ಹೆಂಗಿತ್ರೀ ಸರ್?" ಎಂದರು ಎಲ್ಲರೂ. "ಚೆನ್ನಾಗಿತ್ತು" ಎಂದೆ. ಏನು ಚೆನ್ನಾಗಿತ್ತು ಎಂದು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಬಳಗದವರು ಉಪನ್ಯಾಸ ಏರ್ಪಡಿಸಿಯೇಬಿಟ್ಟರು. ಕನ್ನಡ ವ್ಯಾಕರಣದ ಕೃಪೆ ದೊಡ್ಡದು: ಕರ್ತೃಪದವನ್ನು ನುಂಗಿಯೂ ವಾಕ್ಯ ಸುಖವಾಗಿ ಬದುಕುತ್ತದೆ. "ಬ್ಯಾಂಕಾಕಿನ ಹಳೆಯ ಡಾನ್ ಮುಯಾಂಗ್ ನಿಲ್ದಾಣದಲ್ಲಿ ಎರಡು ರನ್‌ವೇಗಳ ನಡುವೆಯೇ ಗಾಲ್ಫ್ ಮೈದಾನವಿದೆ, ಒಂದು ಬದಿಗೆ ಪ್ರಯಾಣಿಕರ ವಿಮಾನ, ಇನ್ನೊಂದು ಬದಿಗೆ ಸೇನೆಯ ವಿಮಾನ, ನಡುವೆ ಚೆಂಡು ಹೊಡೆಯುವವರು" ಎಂದೆ. ಇದರಲ್ಲಿ ಸುಳ್ಳೆಲ್ಲಿದೆ? ಒಂದು ಗಂಟೆಯ ಭಾಷಣದಲ್ಲಿ 'ನಾನು ನೋಡಿದೆ' ಎಂದು ಒಮ್ಮೆಯೂ ಹೇಳಲಿಲ್ಲ. ಉತ್ತಮ ಪುರುಷವನ್ನು ಬಳಸದೆಯೇ ಉತ್ತಮ ಪುರುಷನೆನಿಸಿಕೊಂಡು ವೇದಿಕೆಯಿಂದ ಕೆಳಗಿಳಿದೆ.

ಅಂದು ಮುಂದಿನ ಸಾಲಿನಲ್ಲಿ ಕುಳಿತಿದ್ದವನು ಪಂಪಾಪತಿ, ನನ್ನ ಹಳೆಯ ವಿದ್ಯಾರ್ಥಿ, ಕಂಪ್ಲಿಯಲ್ಲಿ ಅಕ್ಕಿ ಗಿರಣಿ ಇಟ್ಟುಕೊಂಡವನು. ಮರುವರ್ಷ ಅವನು ತನ್ನ ತಾಯಿಯನ್ನು ಕರೆದುಕೊಂಡು ಥಾಯ್ಲೆಂಡಿಗೆ ಹೋಗಿ ಬಂದ. ಬಂದವನೇ ನಮ್ಮ ಮನೆಗೆ ಸಿಹಿ ಹಿಡಿದು ಓಡಿ ಬಂದ. "ಸರ್, ನೀವು ಹೇಳಿದಂಗ ಇತ್ರೀ! ಆ ಗಾಲ್ಫ್ ಮೈದಾನ ಸೈತ! ಅವ್ವಗ ತೋರಿಸಿದೆ. ನೀವು ಯಾವ ಕಡಿ ಸೀಟಿನಾಗ ಕುಂತಿದ್ರಿ?" ನಾನು ಕೆಮ್ಮಿದೆ. ನೀಲಮ್ಮ ಒಳಗಿಂದ ಚಹಾ ತಂದು ನನ್ನನ್ನು ಪಾರುಮಾಡಿದಳು. ಅವನು ಹೋದ ಮೇಲೆ, "ಇನ್ನೊಂದ್ಸಲ ನಾ ಚಾ ತರಂಗಿಲ್ಲ" ಎಂದಳು.

ಹೀಗೆ ಮೂರು ವರ್ಷ ಸಾಗಿತು. ಅಷ್ಟರಲ್ಲಿ ಪಂಪಾಪತಿ ತನ್ನ ಗಿರಣಿಗೆ ಅಕ್ಕಿ ಪಾಲಿಶ್ ಮಾಡುವ ಹೊಸ ಯಂತ್ರವನ್ನು ಥಾಯ್ಲೆಂಡಿನಿಂದ ತರಿಸಿದ. ಯಂತ್ರದ ಬೆನ್ನಿಗೆ ಅದನ್ನು ಜೋಡಿಸಿಕೊಡುವ ಮೆಕ್ಯಾನಿಕ್ಕೂ ಬಂದರು. ಒಂದು ಬೆಳಿಗ್ಗೆ ಪಂಪಾಪತಿಯ ಫೋನು: "ಸರ್, ಜಲ್ದಿ ಬರ್ರಿ. ಈ ಮನಿಷ್ಯಾ ಮೊದ್ಲು ಅವರ ಮಿಲಿಟರ್ಯಾಗ ವಿಮಾನ ರಿಪೇರಿ ಮಾಡ್ತಿದ್ನಂತ. ಅಲ್ಲಿಗೆ ಹೋಗಿ ಬಂದೋರು ಒಬ್ರು ಅದಾರ ಅಂತ ಹೇಳೀನಿ. ದಾರಿ ಕಾಯಾಕತ್ತಾನ."

ಭಯವೂ ಆಸೆಯೂ ಒಂದೇ ಬಸ್ಸಿನಲ್ಲಿ ಪಕ್ಕಪಕ್ಕ ಕುಳಿತು ಹೋಗುವುದುಂಟು. ಪುಸ್ತಕಗಳ ಚೀಲ ತೊಡೆಯ ಮೇಲಿಟ್ಟುಕೊಂಡು ಬಾಳೆ, ಕಬ್ಬು, ಭತ್ತದ ಗದ್ದೆಗಳ ನಡುವೆ ಕಂಪ್ಲಿಗೆ ಹೋದೆ. ಗಿರಣಿಯ ಅಂಗಳದಲ್ಲಿ ತೌಡಿನ ವಾಸನೆ. ಮೆಕ್ಯಾನಿಕ್ ಸೋಮ್‌ಚಾಯ್ ನನ್ನದೇ ವಯಸ್ಸಿನವರು. ಗಿಡ್ಡ ಆಳು, ತೌಡಿನ ಧೂಳಿನಿಂದ ಹುಬ್ಬು ಬೆಳ್ಳಗಾಗಿತ್ತು. ಅವರ ಇಂಗ್ಲಿಷು ತುಂಡುತುಂಡು, ನನ್ನದು ವ್ಯಾಕರಣಶುದ್ಧವಾದರೂ ತಡವರಿಸುವಂಥದ್ದು. ಕೊನೆಗೆ ಕೈಮುಗಿದು "ಆಕಾಶಯಾನ" ಎಂದೆ. ಅವರ ಮುಖ ಅರಳಿತು. "ಅಕಾತ್ಸಯಾನ್!" ಎಂದರು. ನಾನು "ವಿಷ್ಣುಲೋಕ" ಎಂದೆ. ಅವರು ಎದೆ ಮುಟ್ಟಿಕೊಂಡು "ಪಿಟ್ಸನುಲೋಕ್" ಎಂದರು. ಅಲ್ಲಿಯೇ ಹನ್ನೆರಡು ವರ್ಷ ಡಕೋಟಾ ಎಂಜಿನ್‌ಗಳನ್ನು ನೋಡಿಕೊಂಡವರಂತೆ!

ಭತ್ತದ ಚೀಲಗಳ ಮೇಲೆ ಪುಸ್ತಕ ಬಿಚ್ಚಿ ಕುಳಿತೆವು. ನಾನು ಬರೆದ ವಂಶಾವಳಿಯಲ್ಲಿ ಅವರು ಎರಡು ತಪ್ಪು ತಿದ್ದಿದರು. ಪ್ರಬಂಧಕ್ಕೆ ಒಳ್ಳೆಯ ಅಂಕ ಪಡೆದ ಹುಡುಗನಂತೆ ನಾನು ಹಿಗ್ಗಿದೆ. ಡಕೋಟಾ ಚಿತ್ರ ಬಂದಾಗ ಅವರು ಪುಟ ತಿರುವಲು ಬಿಡಲಿಲ್ಲ. ದೊಡ್ಡ ರಿಪೇರಿಯಾದ ಮೇಲೆ ಪರೀಕ್ಷೆಗೆಂದು ವಿಮಾನ ಹಾರಿಸುವಾಗ ಮೆಕ್ಯಾನಿಕ್ಕನ್ನೂ ಕೂರಿಸಿಕೊಂಡು ಹೋಗುತ್ತಿದ್ದರಂತೆ. "ಪ್ರತಿ ಸಲವೂ ಹೆದರಿಕೆ" ಎಂದರು ಅವರು, ಏನೂ ಸಂಕೋಚವಿಲ್ಲದೆ. "ಬಿಚ್ಚಿ ಜೋಡಿಸಿದವನು ನಾನೇ. ಒಳಗೆ ಎಷ್ಟು ಬೋಲ್ಟು ಇವೆಯೆಂದು ನನಗೆ ಗೊತ್ತಿತ್ತಲ್ಲ. ಕೈ ನಡುಗುತ್ತಿತ್ತು, ತೊಡೆಯ ಕೆಳಗೆ ಒತ್ತಿಟ್ಟುಕೊಳ್ಳುತ್ತಿದ್ದೆ." ಎಂದವರೇ ನಕ್ಕು, ಡಾನ್ ಮುಯಾಂಗ್‌ನ ವಿಮಾನ ಸಂಗ್ರಹಾಲಯದಲ್ಲಿ ನೀವು ಯಾವ ವಿಮಾನವನ್ನು ಮುಟ್ಟಿ ನೋಡಿದಿರಿ ಎಂದು ನನ್ನನ್ನು ಕೇಳಿದರು.

"ಹೇಳ್ರಿ ಸರ್" ಎಂದ ಪಂಪಾಪತಿ, ಹೆಮ್ಮೆಯಿಂದ.

ಈ ಪ್ರಶ್ನೆಗೆ ಕರ್ತೃಪದವಿಲ್ಲದ ಉತ್ತರ ಸಿಗಬಹುದಿತ್ತು. ಆದರೆ ಮಿಲಿಟರಿಯಲ್ಲಿದ್ದು ಬಂದ ಮನುಷ್ಯ ತನ್ನ ನಡುಗುವ ಕೈಯನ್ನು ಅಷ್ಟು ಸಹಜವಾಗಿ ಎದುರಿಗಿಟ್ಟಿರುವಾಗ, ನಾನು ನನ್ನ ಮೊಣಕಾಲನ್ನು ಬಚ್ಚಿಡುವುದು ಆಗದ ಮಾತಾಯಿತು. "ನಾನು ಯಾವುದನ್ನೂ ಮುಟ್ಟಿಲ್ಲ. ನಾನು ಹೋಗೇ ಇಲ್ಲ" ಎಂದೆ, ಮೊದಲು ಇಂಗ್ಲಿಷಿನಲ್ಲಿ, ಆಮೇಲೆ ಪಂಪಾಪತಿಯ ಕಡೆ ತಿರುಗಿ ಕನ್ನಡದಲ್ಲಿ. ಹೈದರಾಬಾದಿನ ಕತೆಯನ್ನೆಲ್ಲ ಹೇಳಿದೆ.

ಪಂಪಾಪತಿ ನಗುತ್ತಾನೆಂದುಕೊಂಡಿದ್ದೆ. ನಗಲಿಲ್ಲ. ಯಂತ್ರದ ಮೇಲಿನ ತೌಡು ಒರೆಸುತ್ತ ಹೇಳಿದ: "ಸರ್, ಅವ್ವನ ಕರ್ಕೊಂಡು ಹೋದ ದಿನ ವಿಮಾನ ಭಾಳ ಕುಲುಕ್ಯಾಡಿತ್ರಿ. ಅವ್ವ ನನ್ನ ಕೈ ಹಿಡಕೊಂಡು ಅಳಾಕತ್ತಿದ್ಲು. ನನಗೂ ಬೆವರು. ಆವಾಗ ನಾ ಏನ ಹೇಳಿದೆ ಗೊತ್ತೇನ್ರಿ? 'ನಮ್ಮ ಸರ್ ಒಬ್ರೇ ಬಂದು ಹೋಗ್ಯಾರ, ನಾವು ಇಬ್ರು ಅದೀವಿ' ಅಂದೆ. ನಿಮ್ಮ ಧೈರ್ಯ ನೋಡಿ ನಾವು ಹತ್ತಿದ್ವ್ರೀ." ಅಷ್ಟು ಹೇಳಿ, ಬೆನ್ನು ತಿರುಗಿಸಿ ಆಫೀಸಿನ ಕೋಣೆಗೆ ಹೋದ.

ಸೋಮ್‌ಚಾಯ್‌ಗೆ ಕನ್ನಡ ತಿಳಿಯದಿದ್ದರೂ ಏನಾಯಿತೆಂದು ತಿಳಿದಿತ್ತು. ಅವರು ನನ್ನ ಭುಜ ತಟ್ಟಿ, ಪುಸ್ತಕ ಮುಚ್ಚಿ ನನ್ನ ಚೀಲದೊಳಗಿಟ್ಟು, ಮತ್ತೆ ಯಂತ್ರದ ಕೆಳಗೆ ತೂರಿಕೊಂಡರು. ನಾನು ಮುಂದಿನ ಬಸ್ಸಿಗೆ ಹೊಸಪೇಟೆಗೆ ಬಂದೆ. ನಾನು ಯಾರಿಗೂ ಕೆಟ್ಟದ್ದು ಮಾಡಿಲ್ಲ ಎಂಬ ನನ್ನ ಲೆಕ್ಕ ದಾರಿಯುದ್ದಕ್ಕೂ ತಪ್ಪುತ್ತಲೇ ಹೋಯಿತು. ನನ್ನ ಸುಳ್ಳು ಒಬ್ಬ ತಾಯಿಗೂ ಮಗನಿಗೂ ಊರುಗೋಲಾಗಿತ್ತು; ಅದು ಟೊಳ್ಳೆಂದು ತಿಳಿದ ಮೇಲೆ, ದಾಟಿ ಬಂದ ಹೊಳೆಯೂ ಈಗ ಹಿಂತಿರುಗಿ ನೋಡಿದರೆ ಅವರಿಗೆ ಭಯ ಹುಟ್ಟಿಸದೆ ಇರುತ್ತದೆಯೇ? ಮರುವಾರ ಓದುಗರ ಬಳಗದಲ್ಲಿ ಎದ್ದುನಿಂತು ಉತ್ತಮ ಪುರುಷ ಏಕವಚನದಲ್ಲಿಯೇ ಎಲ್ಲವನ್ನೂ ಒಪ್ಪಿಕೊಂಡೆ. ಇಬ್ಬರು ನಕ್ಕರು, ಒಬ್ಬರು ಕೋಪಿಸಿಕೊಂಡರು, ಬಸ್ ನಿಲ್ದಾಣದಲ್ಲಿ ಹಾರ ಹಾಕಿದ್ದವರು ಎದ್ದುಹೋದರು. ಪಂಪಾಪತಿ ಬಂದೇ ಇರಲಿಲ್ಲ.

ಒಂದು ತಿಂಗಳ ಮೇಲೆ ಅವನ ಕಾರು ನಮ್ಮ ಮನೆಯ ಮುಂದೆ ನಿಂತಿತು. ಒಳಗೆ ಬಂದು ಕುಳಿತ, ನೀಲಮ್ಮ ಕೊಟ್ಟ ನೀರು ಕುಡಿದ. "ಸರ್, ತೋರಣಗಲ್ಲಿಂದ ಹೈದರಾಬಾದಿಗೆ ಸಣ್ಣ ವಿಮಾನ ಹೋಗತೈತಲ್ಲ, ಗುರುವಾರ ನನಗ ಅಲ್ಲಿ ಕೆಲಸ ಐತಿ. ನಿಮಗೂ ಟಿಕೆಟ್ ಮಾಡಿಸೀನಿ. ಈ ಸಲ ನನ್ನ ಧೈರ್ಯ ನೋಡಿ ನೀವು ಹತ್ರಿ."

ಮೊಣಕಾಲು ನೋವಿನ ನೆಪ ಹೇಳಲು ಬಾಯಿ ತೆರೆದೆ. "ರೊಟ್ಟಿ ಕಟ್ಟಂಗಿಲ್ಲ ಈ ಸಲ" ಎಂದಳು ನೀಲಮ್ಮ. "ಒಂದು ತಾಸಿನ ಹಾದಿ. ಹೋಗಿ ಬರ್ರಿ."

ಉಕ್ಕಿನ ಕಾರ್ಖಾನೆಯ ಚಿಮಣಿಗಳ ಪಕ್ಕದ ಆ ಪುಟ್ಟ ನಿಲ್ದಾಣದಲ್ಲಿ ಅವಿತುಕೊಳ್ಳಲು ಜಾಗವಿಲ್ಲ. ಎರಡು ಪಂಖದ ವಿಮಾನ ಬಿಸಿಲಿನಲ್ಲಿ ನಿಂತಿತ್ತು. ಥಾಯ್ ದ್ವೀಪಗಳಿಗೆ ಹಾರುವ ವಿಮಾನಗಳಲ್ಲಿ ಇದೇ ಜಾತಿಯವು ಎಷ್ಟೋ ಇವೆ, ಇದರ ಬಗ್ಗೆ ನನ್ನ ಬಳಿ ಹನ್ನೊಂದು ಪುಟಗಳಿವೆ. ಒಂದು ಪುಟವೂ ನೆನಪಿಗೆ ಬರಲಿಲ್ಲ. ಮೊಣಕಾಲು ನಡುಗಿತು, ಪಂಪಾಪತಿ ಮೊಳಕೈ ಹಿಡಿದುಕೊಂಡ, ಮೆಟ್ಟಿಲು ಐದಾರೇ ಇದ್ದವು. ಒಳಗೆ ಹೋದ ಮೇಲೆ ನೋಡಿದರೆ ನಮ್ಮಿಬ್ಬರ ಸೀಟು ಬೇರೆಬೇರೆ ಸಾಲಿನಲ್ಲಿ! ಅವನು ಹಿಂದೆ ಹೋದ. ನನ್ನ ಪಕ್ಕದಲ್ಲಿ ಕಿಟಕಿಗೆ ಒತ್ತಿಕೊಂಡು ಇಳಕಲ್ ಸೀರೆಯ ಹಿರಿಯ ಹೆಂಗಸೊಬ್ಬರು, ಮಡಿಲಲ್ಲಿ ಬಟ್ಟೆಗಂಟು ಅವುಚಿ ಕುಳಿತಿದ್ದರು. ಪಾಪಿನಾಯಕನಹಳ್ಳಿಯವರು, ಹೈದರಾಬಾದಿನಲ್ಲಿರುವ ಮಗಳ ಬಾಣಂತನಕ್ಕೆ ಹೊರಟವರು. ಅಳಿಯ ಟಿಕೆಟು ಮಾಡಿಸಿದ್ದನಂತೆ.

ಪಂಖ ತಿರುಗತೊಡಗಿತು. ಅವರು ನನ್ನ ಅಂಗಿಯ ತೋಳನ್ನು ಮೆಲ್ಲಗೆ ಜಗ್ಗಿದರು.

"ಅಣ್ಣಾ, ನೀವು ಇದರಾಗ ಭಾಳ ಸಲ ಹೋಗೀರೇನ್ರಿ?"

ಬೋಳುತಲೆ, ಕನ್ನಡಕ, ಜೇಬಿನಲ್ಲಿ ಎರಡು ಪೆನ್ನು ಇರುವ ಮನುಷ್ಯ ಹೋಗಿಯೇ ಇರಬೇಕೆಂದು ಅವರಿಗೆ ಅನ್ನಿಸಿರಬೇಕು. ಹೌದು ಎಂದಿದ್ದರೆ ಅವರಿಗೆ ಧೈರ್ಯ ಬರುತ್ತಿತ್ತು, ಪಂಪಾಪತಿಗೆ ಬಂದಿತ್ತಲ್ಲ. ಹೌದು ಎಂಬ ಮಾತು ನಾಲಗೆಯ ತುದಿಗೂ ಬಂತು.

"ಇಲ್ಲವ್ವ" ಎಂದೆ. "ನನಗೂ ಇದೇ ಮೊದಲನೇ ಸಲ. ಕಾಲು ನಡುಗಾಕತ್ತಾವ."

ಅವರು ನನ್ನ ಮೊಣಕಾಲನ್ನೊಮ್ಮೆ, ಮುಖವನ್ನೊಮ್ಮೆ ನೋಡಿದರು. ಉಸಿರು ಬಿಟ್ಟರು.

"ಬದುಕಿದೆ ತಗೊಳ್ರಿ" ಎಂದರು. "ನಾನೊಬ್ಬಾಕೀನ ಅನಕೊಂಡಿದ್ದೆ." ಗಂಟನ್ನು ಸ್ವಲ್ಪ ಆಚೆ ಸರಿಸಿ, ನಡುವಿನ ಕೈಯಾನಿಕೆಯ ಮೇಲೆ ನನ್ನ ಕೈಗೂ ಜಾಗ ಮಾಡಿಕೊಟ್ಟರು. ವಿಮಾನ ಓಡತೊಡಗಿತು.