ಭಾರಕ್ಕೆ ಕೂತವಳು

ಪಕ್ಕದ ಮನೆಯ ಅಜ್ಜಿಯ ಬೆರಳುಗಳು ಚಳಿಗೆ ಗಜ್ಜರಿಯಂತೆ ಕೆಂಪಾಗಿರುತ್ತಿದ್ದವು. ಹಿಮ ಬಿದ್ದ ವಾರ ಎದ್ದವರೇ ಹಿತ್ತಿಲಿಗೆ ಬಂದು, ಕೈಗವಸು ಕಳಚಿ, ಹಿಮವನ್ನು ಮುಷ್ಟಿಯಲ್ಲಿ ಹಿಂಡಿ ನೋಡುತ್ತಿದ್ದರು. ಪುಡಿಯಾಗಿ ಉದುರಿದರೆ ಸ್ಕೀಗೆ ಒಳ್ಳೆಯದಂತೆ, ಮುಖ ಅರಳುತ್ತಿತ್ತು. ಉಂಡೆ ಕಟ್ಟಿದರೆ ಕರಗುವ ಲಕ್ಷಣ.

ಕೊರೊನಾದ ಎರಡನೆಯ ಚಳಿಗಾಲ ಅದು. ವೆಲ್ಡ್‌ಹೋವನ್‌ನ ನಮ್ಮ ಮನೆಯಲ್ಲಿ ಒಂದು ಕೋಣೆ ಗಂಡನ ಮೀಟಿಂಗಿಗೆ, ಇನ್ನೊಂದು ನನಗೆ. ಮಿಕ್ಸರ್ ಹಾಕಬೇಕಾದರೂ ಅವರನ್ನು ಕೇಳಬೇಕು. ಪರದೇಶದ ಈ ಊರಿನಲ್ಲಿ ಕೆಲಸ ಹಿಡಿಯುತ್ತೇನೆಂದು ಬಂದವಳು ಗೋಡೆ ನೋಡುತ್ತ ಕೂತಿದ್ದೆ. ಸುಮ್ಮಸುಮ್ಮನೆ ಅಳು ಬರುತ್ತಿತ್ತು.

ಅಜ್ಜಿಯ ಸಂಕಟ ಬೇರೆ. ಮರೆವಿನ ಕಾಯಿಲೆಯ ಗಂಡ ಪಾರ್ಕಿನಾಚೆಯ ವೃದ್ಧಾಶ್ರಮದಲ್ಲಿದ್ದರು. ಒಳಗೆ ಯಾರನ್ನೂ ಬಿಡುತ್ತಿರಲಿಲ್ಲ. ಕಿಟಕಿಯ ಹೊರಗೆ ಮಾಸ್ಕ್ ಹಾಕಿ ನಿಂತ ಹೆಂಡತಿಯನ್ನು ಆತ ಯಾರೋ ಎಂಬಂತೆ ನೋಡುತ್ತಿದ್ದರಂತೆ. ಇಬ್ಬರೂ ಮದುವೆಗೂ ಮೊದಲೇ ಜೊತೆಯಲ್ಲಿ ಸ್ಕೀ ಮಾಡಿದವರು. ಸ್ಕೀ ಮೇಲೆ ಬಂದರೆ ಗುರುತು ಹಿಡಿದಾರು ಎಂಬ ಆಸೆ ಅಜ್ಜಿಗೆ. ಆದರೆ ಈ ಊರಿನ ಹಿಮ ತೆಳು. ಒತ್ತಿ ಗಟ್ಟಿ ಮಾಡದಿದ್ದರೆ ಹುಲ್ಲು ಮೇಲೆದ್ದು ಸ್ಕೀ ಸಿಕ್ಕಿಕೊಳ್ಳುತ್ತದೆ.

ಒಂದು ಬೆಳಿಗ್ಗೆ ನಮ್ಮ ಬಾಗಿಲು ತಟ್ಟಿ ದೂರ ಸರಿದು ನಿಂತರು. ಹಿಂದೆ ಹಿಮದ ಮೇಲೆ ಎಳೆಯುವ ಮರದ ಜಾರುಬಂಡಿ. ದಾರಿ ಒತ್ತಲು ಭಾರ ಬೇಕು, ಬಂದು ಕೂತುಕೋ ಎಂದರು.

"ಹೊರಗ ಭಾಳ ಥಂಡಿ ಐತಿ, ಎಲ್ಲಿ ಹೊಂಟಿ?" ಎಂದರು ನನ್ನ ಗಂಡ.

"ಭಾರ ಆಗಾಕ ಹೊಂಟೀನ್ರೀ," ಎಂದೆ.

ಸಣ್ಣವಳಿದ್ದಾಗ ಗದಗಿನ ಹೊಲದಲ್ಲಿ ಮಣ್ಣಿನ ಹೆಂಟೆ ಒಡೆಯಲು ಎತ್ತು ಎಳೆಯುವ ಕೊರಡಿನ ಮೇಲೆ ಭಾರಕ್ಕೆಂದು ನಮ್ಮನ್ನು ಕೂರಿಸುತ್ತಿದ್ದರು. ಹಾಗೇ ಕೂತೆ. ಕಡ್ಡಿಯಂತಿದ್ದ ಅಜ್ಜಿ ಪಾರ್ಕು ದಾಟಿ ಆ ಕಿಟಕಿಯವರೆಗೂ ಎತ್ತಿನಂತೆ ಎಳೆದರು. ಹುಲ್ಲು ಕಂಡಲ್ಲೆಲ್ಲ ಇಳಿದು, ಮರದಡಿಯ ಹಿಮ ತಂದು ಸುರಿದೆವು. ಎಷ್ಟೋ ತಿಂಗಳ ಮೇಲೆ ಅವತ್ತು ಜೋರಾಗಿ ನಕ್ಕೆ.

ಮರುದಿನ ಹಿಮ ಉಂಡೆ ಕಟ್ಟಿತು. ಇವತ್ತು ಬಿಟ್ಟರೆ ಆಗಲಿಕ್ಕಿಲ್ಲ ಎಂದು ಅಜ್ಜಿ ಆಗಲೇ ಸ್ಕೀ ಕಟ್ಟಿಕೊಂಡು ಹೊರಟರು, ನಾನು ಪಕ್ಕದಲ್ಲಿ ಓಡಿದೆ. ನಾವು ಒತ್ತಿದ ದಾರಿಯಷ್ಟೇ ಗಟ್ಟಿ ಉಳಿದಿತ್ತು. ಕಿಟಕಿಯೊಳಗೆ ಆ ಹಿರಿಯರು ಗಾಲಿಕುರ್ಚಿಯಲ್ಲಿದ್ದರು. ಅಜ್ಜಿ ಮುಂದೆ ಹಾದುಹೋದರೂ ಸುಮ್ಮನೆ ನೋಡಿದರು. ಅಜ್ಜಿ ತಿರುಗಿ ಇನ್ನೊಮ್ಮೆ ಬಂದರು. ಆಗ ಆತ ಗಾಜು ಬಡಿದು, ಕಣ್ಣು ಕೆಕ್ಕರಿಸಿ, ತಮ್ಮ ಮೊಣಕಾಲು ತಟ್ಟಿ ತೋರಿಸಿದರು.

ಅಜ್ಜಿ ನಿಂತಲ್ಲೇ ಅತ್ತರು. "ಮೊಣಕಾಲು ಬಗ್ಗಿಸು ಅಂತಿದ್ದಾರೆ. ಮೊದಲಿನಿಂದಲೂ ಇದೇ ಬೈಗುಳ. ನಾನೇ ಅಂತ ಗೊತ್ತಾಯ್ತು ಅವರಿಗೆ."

ಆ ವಸಂತದಲ್ಲಿ ಆತ ತೀರಿಕೊಂಡರು. ಅಜ್ಜಿ ಹೋದದ್ದು ಕಳೆದ ವರ್ಷ. ಮನೆ ಖಾಲಿ ಮಾಡಲು ಬಂದ ಅವರ ಮಗಳಿಗೆ ಜಾರುಬಂಡಿಯ ಕತೆ ಹೇಳಿದೆ. ಅವಳಿಗೆ ಆಶ್ಚರ್ಯ. ದಾರಿ ಒತ್ತಲು ಅಮ್ಮ ಯಾವಾಗಲೂ ಇಟ್ಟಿಗೆ ಹೇರುತ್ತಿದ್ದಳಲ್ಲ, ಎಂದು ಹಿತ್ತಿಲ ಮೂಲೆ ತೋರಿಸಿದಳು. ಬೇಕಾದಷ್ಟು ಇಟ್ಟಿಗೆ ಅಲ್ಲಿದ್ದವು. ನಮ್ಮೆರಡು ಮನೆಗಳ ನಡುವಿನ ಗೋಡೆ ತೆಳು. ನಾನು ಅಳುವುದು ಅವರಿಗೆ ಕೇಳಿಸುತ್ತಿತ್ತು.