ವೈನಿಗೆ ಕತ್ತರಿಯೋ, ಸಿರಿಂಜೋ?

ಕಳೆದ ಸೋಮವಾರ ನಮ್ಮ ವೈನಿ ಒಂದು ಎಮ್ಮೆಯ ಹಿಂದೆ ನಿಂತವರು ಹಾಗೇ ಮೂರ್ಛೆ ಹೋದರು. ಅದೂ ಹೊಸ ಕೆಲಸದ ಟ್ರಯಲ್ ದಿನ!

ವೈನಿ ಅಂದರೆ ನಮ್ಮಣ್ಣನ ಹೆಂಡತಿ, ಸವಿತಾ. ಅಣ್ಣ ದಾಂಡೇಲಿಯಲ್ಲಿ ಫಿಟ್ಟರ್. ಮಕ್ಕಳು ಹೈಸ್ಕೂಲ್ ಸೇರಿದ ಮೇಲೆ ವೈನಿಗೆ ಏನಾದರೂ ನೌಕರಿ ಮಾಡುವ ಆಸೆ ಹತ್ತಿತು. ಓಣಿಯ ನಾಯಿ, ಬೆಕ್ಕುಗಳೆಲ್ಲ ಇವರ ಮಾತು ಕೇಳುತ್ತವೆ (ಅಣ್ಣ ಕೇಳುವುದಿಲ್ಲ, ಅದು ಬೇರೆ ವಿಷಯ). ಪ್ರಾಣಿಗಳ ಕೆಲಸವೇ ಸರಿ ಎಂದಾಯಿತು.

ದಾರಿ ಎರಡು. ಹುಬ್ಬಳ್ಳಿಯಲ್ಲಿ ಪೆಟ್ ಗ್ರೂಮಿಂಗ್ ಕಲಿತು ಊರಲ್ಲೇ ಅಂಗಡಿ ಇಡುವುದು: ನಾಯಿಗೆ ಸ್ನಾನ, ಕಟಿಂಗ್, ಉಗುರು. ಇಲ್ಲವೇ ಹಳಿಯಾಳದ ಪಶುವೈದ್ಯರೊಬ್ಬರ ಬಳಿ ಅಸಿಸ್ಟೆಂಟ್.

ನನ್ನ ಓಟು ಗ್ರೂಮಿಂಗ್‌ಗೆ. ನೆರಳು, ಫ್ಯಾನು. ಇನ್ನೇನು ಬೇಕು?

‘ಎರಡೂ ನೋಡಿನ ಹೇಳ್ತೇನಿ’ ಅಂದರು ವೈನಿ. ಹುಬ್ಬಳ್ಳಿಯ ಅಂಗಡಿಯೊಂದರಲ್ಲಿ ಎರಡು ದಿನ ಇದ್ದು, ಖುಷಿಯಾಗಿಯೇ ಬಂದರು. ಆಮೇಲೆ ಹಳಿಯಾಳ. ಜೊತೆಗೆ ನಾನು.

ಹೋಗಿ ಕೂತಿದ್ದೇವಷ್ಟೇ, ಹತ್ತಿರದ ಸಾಂಬ್ರಾಣಿ ಹಳ್ಳಿಯಿಂದ ಫೋನ್. ಎಮ್ಮೆ ಈಯಲಾರದೆ ಒದ್ದಾಡುತ್ತಿದೆ. ಡಾಕ್ಟರು ನಮ್ಮನ್ನೂ ಜೀಪಿಗೆ ಹತ್ತಿಸಿಕೊಂಡರು. ಅಲ್ಲಿ ನೋಡಿದರೆ ಕರುವಿನ ಒಂದು ಮುಂಗಾಲು ಒಳಗೇ ಮಡಚಿಕೊಂಡಿದೆ. ಡಾಕ್ಟರು ಭುಜದವರೆಗೂ ಕೈ ಹಾಕಿದರು. ವೈನಿ ಬಿದ್ದರು.

ಎಮ್ಮೆಯ ಯಜಮಾನಿ ಮುಖಕ್ಕೆ ನೀರು ಚಿಮುಕಿಸುತ್ತ, ‘ಎಮ್ಮಿ ಈಯಾಕತ್ತೈತಿ, ನೀ ಯಾಕ ಬಿದ್ದಿಯವ್ವಾ?’ ಅಂದಳು.

ನಾನು ಕಿವಿಯಲ್ಲಿ ಹೇಳಿದೆ, ‘ನಡೀರಿ ವೈನಿ, ಹೋಗೂಣು. ಗ್ರೂಮಿಂಗೇ ಛಲೋ.’

‘ಕರಾ ಇನ್ನೂ ಹೊರಗ ಬಂದಿಲ್ಲ. ಹೆಂಗ ಹೋಗೂದು? ನೀ ಬೇಕಾದ್ರ ಬಸ್ ಹಿಡಿ.’

ಸೆರಗಿನಿಂದ ಮುಖ ಒರೆಸಿಕೊಂಡು, ಅದನ್ನೇ ಸೊಂಟಕ್ಕೆ ಬಿಗಿದು, ಎದ್ದು ಎಮ್ಮೆಯ ಹತ್ತಿರ ಹೋದರು. ಡಾಕ್ಟರು ಮಡಚಿದ ಕಾಲು ಸರಿಮಾಡಿ, ಎರಡೂ ಕಾಲಿಗೆ ಹಗ್ಗ ಹಾಕಿ, ತುದಿ ಇವರ ಕೈಗೆ ಕೊಟ್ಟರು. ‘ಎಮ್ಮಿ ತಿಣುಕಿದಾಗಷ್ಟ ಎಳೀರಿ. ಜೋರು ಮಾಡಬ್ಯಾಡ್ರಿ.’

ಎಳೆದರು. ನಿಂತರು. ಮತ್ತೆ ಎಳೆದರು. ಕರು ಜಾರಿ ಹುಲ್ಲಿನ ಮೇಲೆ ಬಿತ್ತು. ಅಲುಗಾಡಲಿಲ್ಲ. ಯಜಮಾನಿ ಬಾಯಿಗೆ ಕೈ ಹಿಡಿದಳು. ಡಾಕ್ಟರು ಹೇಳಿದಂತೆ ವೈನಿ ಅದರ ಮೂಗಿನ ಲೋಳೆ ತೆಗೆದರು, ಗೋಣಿಚೀಲದಿಂದ ಎದೆ ತಿಕ್ಕಿದರು, ಹೊಳ್ಳೆಗೆ ಹುಲ್ಲುಕಡ್ಡಿ ಆಡಿಸಿದರು. ಎಷ್ಟು ಹೊತ್ತೋ!

ಕರು ಸೀನಿತು. ನೇರ ವೈನಿಯ ಮುಖಕ್ಕೆ.

ಅವರು ಅಷ್ಟು ಜೋರಾಗಿ ನಕ್ಕದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ.

ವಾಪಸ್ ಬಸ್ಸಿನಲ್ಲಿ ನಮ್ಮ ಪಕ್ಕದ ಸೀಟು ಖಾಲಿಯೇ ಉಳಿಯಿತು. (ಯಾಕೆಂದು ಕೇಳಬೇಡಿ.) ‘ನಾಳಿಂದ ಬರ್ತೇನಂತ ಡಾಕ್ಟರಿಗೆ ಹೇಳೀನಿ’ ಅಂದರು ವೈನಿ.

‘ಹುಬ್ಬಳ್ಳೀದು ಮನಸ್ಸಿಗೆ ಸೇರಿರಲಿಲ್ಲೇನು?’

‘ಸೇರಿತ್ತು. ಅದೂ ಮರ್ಯಾದಿ ಕೆಲಸನ. ಆದ್ರ ಮನೀಗೆ ಬಂದಮ್ಯಾಲ ಒಂದೂ ನಾಯಿ ನೆನಪಾಗಲಿಲ್ಲ ನೋಡು. ಈ ಕರಾ ಹಾಲು ಕುಡೀತೋ ಇಲ್ಲೋ ಅಂತ ಈಗಿಂದನ ಚಿಂತಿ ಹತ್ತೈತಿ.’

ಕೆಲಸ ಹುಡುಕುವವರಿಗೆ ನಾವೆಲ್ಲ ಎಷ್ಟೊಂದು ಸಲಹೆ ಕೊಡುತ್ತೇವೆ! ಸಂಬಳ ಎಷ್ಟು, ಊರು ಎಷ್ಟು ದೂರ, ಬಿಸಿಲೋ ನೆರಳೋ. ಮನೆಗೆ ಬಂದ ಮೇಲೂ ಯಾವುದು ನೆನಪಾಗುತ್ತದೆ ಎಂದು ಒಮ್ಮೆಯಾದರೂ ಕೇಳುತ್ತೇವೆಯೇ?

ಬಾಗಿಲಲ್ಲೇ ಅಣ್ಣ ಮೂಗು ಮುಚ್ಚಿಕೊಂಡ. ‘ಏನಿದು ವಾಸನಿ?’

‘ನನ್ನ ನೌಕರೀದು’ ಅಂದರು ವೈನಿ.