ಕೆಳಸಾಲಿನ ಉತ್ತರ

ಹಳೆಯ ಗೊರಬು ನೆನೆದರೆ ಅದಕ್ಕೊಂದು ವಾಸನೆ ಬರುತ್ತದೆ. ಒಣಗಿದ ಎಲೆಯದು, ಒಲೆಯ ಹೊಗೆಯದು, ಅವೆರಡರ ಅಡಿಯಲ್ಲಿ ಎಲ್ಲೋ ಗದ್ದೆಯ ಕೆಸರಿನದು... ದೇವಬಾಗದಲ್ಲಿ ನನ್ನದೊಂದು ಸಣ್ಣ ಹೋಮ್‌ಸ್ಟೇ ಇದೆ. ಅದರ ಜಗಲಿಯ ಗೋಡೆಗೆ ಅಂಥದೊಂದು ಗೊರಬನ್ನು ತೂಗುಹಾಕಿದ್ದೇನೆ. ಮಳೆಗಾಲದಲ್ಲಿ ಭತ್ತದ ನೆಟ್ಟಿಗೆ ಬಗ್ಗಿದ ಹೆಂಗಸರು ತಲೆಯಿಂದ ಸೊಂಟದವರೆಗೆ ಹೊದ್ದುಕೊಳ್ಳುತ್ತಿದ್ದ ಎಲೆಯ ಹೊದಿಕೆ ಅದು. ಬಂದ ಅತಿಥಿಗಳೆಲ್ಲ ಅದನ್ನು ಹೊದ್ದು ಫೋಟೋ ಹೊಡೆಸಿಕೊಳ್ಳುತ್ತಾರೆ. ಹೋಮ್‌ಸ್ಟೇ ತೆರೆಯುವವರಿಗೆ ನಾನು ಯಾವಾಗಲೂ ಹೇಳುವುದು ಇದನ್ನೇ: ಗೋಡೆಗೆ ಬಣ್ಣದ ಚಿತ್ರ ಬರೆಸಬೇಡಿ, ಯಾರೋ ನಿಜವಾಗಿ ಬಳಸಿದ ಒಂದು ಸಾಮಾನು ತೂಗುಹಾಕಿ. ಜನ ಅದರ ಮುಂದೆಯೇ ನಿಲ್ಲುತ್ತಾರೆ.

ಕಳೆದ ಮಳೆಗಾಲದ ಕೊನೆಗೆ ಕೊರಿಯಾದವರ ಒಂದು ಗುಂಪು ಬಂದಿತ್ತು. ಎಲ್ಲೋ ಯಂತ್ರ ಜೋಡಿಸುವ ಕೆಲಸಕ್ಕೆ ಬಂದವರು, ರಜೆಯ ದಿನ ಕಡಲು ನೋಡಲು ಬಂದಿದ್ದರು. ಸಂಜೆ ಬಿಡಿಮಳೆ ಬಿತ್ತು. ಅವರಲ್ಲೊಬ್ಬ ಹುಡುಗಿ ಗೊರಬು ಹೊದ್ದು ಅಂಗಳಕ್ಕಿಳಿದಳು. ಎಲೆ ನೆನೆಯಿತು. ವಾಸನೆ ಜಗಲಿಯವರೆಗೆ ಬಂತು. ರಾತ್ರಿಯ ಊಟಕ್ಕೆ ಬಂಗಡೆಯ ಲೆಕ್ಕ ಹೇಳುತ್ತಿದ್ದ ನಾನು ಲೆಕ್ಕ ತಪ್ಪಿದೆ.

ಆ ಗೊರಬು ನಮ್ಮ ದೊಡ್ಡವ್ವಿಯದು.

ಸಂಬಂಧದಲ್ಲಿ ಆಕೆ ನನಗೆ ದೊಡ್ಡಮ್ಮನಲ್ಲ. ನಡುಗೇರಿಯಲ್ಲಿ ನಮ್ಮ ಪಕ್ಕದ ಮನೆಯವಳು. ಊರಿನ ಎಲ್ಲರಿಗೂ ಆಕೆ ದೊಡ್ಡವ್ವಿಯೇ. ನೆಟ್ಟಿಯ ಹಾಡನ್ನು ಎತ್ತುವ ಹಕ್ಕು ಆಕೆಯದಾಗಿತ್ತು. ನಮ್ಮಲ್ಲಿ ಹೆಂಗಸರು ಗದ್ದೆಯಲ್ಲಿ ಎರಡು ಸಾಲಾಗಿ ನಿಲ್ಲುತ್ತಿದ್ದರು. ಮೇಲಿನ ಸಾಲು ಕೇಳಬೇಕು, ಕೆಳಸಾಲು ಹೇಳಬೇಕು. "ಯಾವೂರ ಅಗೆಯೆ ನೀನು, ಯಾವೂರ ನೀರೆ" ಎಂದು ದೊಡ್ಡವ್ವಿ ಎತ್ತುವಳು. ಅಗೆ ಎಂದರೆ ಭತ್ತದ ಸಸಿ, ಅದನ್ನು ಕೇಳುವ ಪ್ರಶ್ನೆ. ಕೆಳಸಾಲಿನವರು ಸಸಿಯ ಪರವಾಗಿ ತಾವು ನಿಂತ ಊರಿನ ಹೆಸರು ಸೇರಿಸಿ ಉತ್ತರ ಹಾಡಬೇಕು. ನಡುಗೇರಿಯಲ್ಲಿ ನಡುಗೇರಿ, ಪಕ್ಕದೂರಿಗೆ ನೆಟ್ಟಿಗೆ ಹೋದರೆ ಪಕ್ಕದೂರು. ಹಾಗಾಗಿ ಈ ಹಾಡು ಅಂಕೋಲೆಯ ಕಡೆ ಒಂದು ಥರ, ಕಾರವಾರದ ಕಡೆ ಇನ್ನೊಂದು ಥರ. ಯಾರೂ ಯಾರದನ್ನೂ ತಪ್ಪು ಎನ್ನುತ್ತಿರಲಿಲ್ಲ.

ಒಂದು ಕಟ್ಟುಪಾಡು ಮಾತ್ರ ಎಲ್ಲ ಕಡೆಯೂ ಒಂದೇ. ಉತ್ತರ ಬರುವವರೆಗೆ ಯಾರೂ ಸಸಿ ಊರಬಾರದು. ಕೈ ಮೇಲೇ ಇರಬೇಕು. ಇದರಲ್ಲಿ ದೇವರು ದಿಂಡರು ಏನಿಲ್ಲ, ಲೆಕ್ಕಾಚಾರದ ಮಾತು. ಹಿಂದೆ ಬಿದ್ದ ಸಾಲಿಗೆ ಉಸಿರು ತೆಗೆದುಕೊಳ್ಳಲು ಸಮಯ ಸಿಗಬೇಕು, ಬಸುರಿಯೋ ಮುದುಕಿಯೋ ಒಬ್ಬಳೇ ಹಿಂದೆ ಉಳಿಯಬಾರದು, ಅಷ್ಟೆ. ನೂರಾರು ಕೂಲಿಯವರನ್ನು ಇಟ್ಟು ಕೆಲಸ ಮಾಡಿಸಿದವನು ನಾನು. ಇದಕ್ಕಿಂತ ಒಳ್ಳೆಯ ಏರ್ಪಾಡು ಎಲ್ಲಿಯೂ ಕಂಡಿಲ್ಲ.

ಕೆಳಸಾಲಿನ ಮುಂದಾಳಿಗೂ ದೊಡ್ಡವ್ವಿಗೂ ಮಾತಿರಲಿಲ್ಲ. ಒಂದು ಹಲಸಿನ ಕೊಂಬೆ ಇವಳ ಅಂಗಳದಿಂದ ಅವಳ ಅಂಗಳಕ್ಕೆ ಬಾಗಿತ್ತು, ಹಣ್ಣು ಯಾರದು ಎಂಬ ಜಗಳ. ಬಾವಿಕಟ್ಟೆಯಲ್ಲಿ ಎದುರಾದರೆ ಇಬ್ಬರೂ ಮುಖ ತಿರುಗಿಸುತ್ತಿದ್ದರು. ಗದ್ದೆಗಿಳಿದರೆ ಮಾತ್ರ ಇವಳು ಕೇಳುವುದು, ಅವಳು ಹೇಳುವುದು. ವರ್ಷವಿಡೀ ಆಡದ ಮಾತನ್ನೆಲ್ಲ ನೆಟ್ಟಿಯಲ್ಲಿ ತೀರಿಸಿಕೊಳ್ಳುತ್ತಿದ್ದರೇನೋ...

ಆಮೇಲೆ ಸರಕಾರದ ದೊಡ್ಡದೊಂದು ಯೋಜನೆಗೆ ನಡುಗೇರಿ ಹೋಯಿತು. ಗದ್ದೆ, ಬಾವಿ, ಹಲಸಿನ ಮರ, ಎಲ್ಲ ಬೇಲಿಯೊಳಗೆ. ನಮಗೆ ಕೊಟ್ಟ ಜಾಗಗಳು ಒಂದೇ ಕಡೆ ಇರಲಿಲ್ಲ. ದೊಡ್ಡವ್ವಿಗೆ ಶೆಟಗೇರಿಯ ಹತ್ತಿರದ ಕಾಲೊನಿಯಲ್ಲಿ ಮನೆ. ಕೆಳಸಾಲಿನವಳು ಕಿನ್ನರದಲ್ಲಿದ್ದ ಮಗಳ ಮನೆ ಸೇರಿದಳು. ನಾನು ಕಾರವಾರಕ್ಕೆ ಬಂದೆ. ಬಾಡಿಗೆಗೆ ಒಂದು ಮೈಕ್ ಸೆಟ್ಟಿನಿಂದ ಶುರುಮಾಡಿ ಕುರ್ಚಿ, ಶಾಮಿಯಾನಾ, ವೇದಿಕೆ ಎಂದು ಬೆಳೆದೆ. ಯಾರ ಕೈಕಾಲೂ ಹಿಡಿಯಲಿಲ್ಲ, ಚೌಕಾಸಿ ಒಂದೇ ನನ್ನ ಬಂಡವಾಳ.

ಕಾಲೊನಿಯ ಮನೆಯ ಮುಂದೆ ದೊಡ್ಡವ್ವಿಗೆ ನಾಲ್ಕು ಬಸಳೆ ಬುಡ ಊರುವಷ್ಟು ಜಾಗ. ಕೂಲಿ ಕೆಲಸಕ್ಕೆ ಹೋಗಿ ಬಂದು ಮೆಟ್ಟಿಲ ಮೇಲೆ ಕೂತಿರುತ್ತಿದ್ದಳು. ನಾನು ಹೋದಾಗಲೆಲ್ಲ ಒಂದೇ ಮಾತು. "ತಮಾ, ಕೇಳೂಕೆ ನಾನಿದ್ದೆ. ಹೇಳುವವ್ರು ಇಲ್ಲ ನೋಡು." ಸಾಯುವ ಮೊದಲು ಒಂದು ಸಲ ಎರಡೂ ಸಾಲು ಕೂಡಬೇಕು, ಊರಿನ ಹೆಸರು ಹತ್ತು ಜನರ ಬಾಯಲ್ಲಿ ಒಟ್ಟಿಗೆ ಬರಬೇಕು ಎಂಬುದೊಂದೇ ಆಕೆಗಿದ್ದ ಆಸೆ. ಅದಕ್ಕೆ ಗದ್ದೆ ಬೇಕಲ್ಲ ಎಂದರೆ, "ಗದ್ದೆ ಯಾರದಾದ್ರೂ ಆಗ್ಲಿ. ಅಂಗಳ ಆದ್ರೂ ಅಡ್ಡಿಲ್ಲ," ಎನ್ನುತ್ತಿದ್ದಳು.

ಆ ಹೊತ್ತಿಗೆ ಕಾರವಾರದಲ್ಲಿ ಒಂದು ಉತ್ಸವ ಸಮಿತಿ ಹುಟ್ಟಿತು. ಈ ಭಾಗಕ್ಕೆ ತನ್ನದೇ ಒಂದು ಹಾಡು ಬೇಕು, ಎಲ್ಲ ಸಮಾರಂಭದಲ್ಲೂ ಎದ್ದು ನಿಂತು ಹಾಡುವಂಥದು, ನಮ್ಮ ಗುರುತು ಎಂದು ಹೇಳಿಕೊಳ್ಳುವಂಥದು ಎಂದು ಹುಡುಕುತ್ತಿದ್ದರು. ನೆಟ್ಟಿಯ ಹಾಡನ್ನು ಆರಿಸಿದರು. ಸಮಿತಿಯವರು ದೊಡ್ಡವ್ವಿಯ ಮನೆಗೆ ಬಂದು, ಹಾಡಿಸಿ, ಫೋನಿನಲ್ಲಿ ಹಿಡಿದುಕೊಂಡು ಹೋದರು. ಉದ್ಘಾಟನೆಗೆ ಕುರ್ಚಿ ಮೈಕಿನ ಗುತ್ತಿಗೆ ನನ್ನದೇ ಆಗಿತ್ತು. ದೊಡ್ಡವ್ವಿಯ ಪರವಾಗಿ ಮಾತಾಡಲು ನಾನೇ ಕೂತೆ. ಎಲ್ಲ ಹೆಂಗಸರಿಗೂ ಬಂದುಹೋಗಲು ವಾಹನ ಕೇಳಿದೆ, ಒಪ್ಪಿದರು. ಊಟ ಕೇಳಿದೆ, ಒಪ್ಪಿದರು. ಮುಂದಿನ ಸಾಲಿನ ಕುರ್ಚಿ, ಒಬ್ಬಳಿಗಲ್ಲ, ಎಲ್ಲರಿಗೂ ಶಾಲು, ಅದಕ್ಕೂ ಒಪ್ಪಿದರು. ಕೊನೆಗೆ, "ಇವರು ಹಾಡೂದು ಯಾವಾಗ?" ಎಂದೆ.

"ಹಾಡೋದಕ್ಕೆ ತಂಡ ಬರ್ತಾ ಇದೆಯಲ್ಲ," ಎಂದರು ಕಾರ್ಯದರ್ಶಿ. "ಇವರಿಗೆ ಸನ್ಮಾನ."

"ಹೋಗ್ಲಿ, ಕೆಳಗೆ ಒಂದು ಮೈಕಾದ್ರೂ ಇಡ್ತೆ. ಉತ್ತರ ಇವ್ರದ್ದೇ."

ಅವರು ನಕ್ಕರು. "ಕೆಳಗೆ ಮೈಕ್ ಇಟ್ರೆ ಅದು ಕಾರ್ಯಕ್ರಮ ಆಗೋದಿಲ್ಲ ಮಾರಾಯ್ರೆ, ಗಲಾಟೆ ಆಗ್ತದೆ."

ಇಲ್ಲಿ ಓದುವವರಿಗೊಂದು ಮಾತು ಹೇಳಿಬಿಡುತ್ತೇನೆ. ಯಾರಾದರೂ ನೀವು ಕೇಳಿದ್ದಕ್ಕೆಲ್ಲ ಬೇಗ ಬೇಗ ಒಪ್ಪುತ್ತಾ ಹೋದರೆ ಖುಷಿಪಡಬೇಡಿ. ಅವರಿಗೆ ಬೇಕಾದದ್ದು ಆಗಲೇ ಅವರ ಕೈ ಸೇರಿದೆ ಎಂದು ತಿಳಿದುಕೊಳ್ಳಿ.

ಹಾಡುವುದಿಲ್ಲ, ಸನ್ಮಾನ ಮಾತ್ರ ಎಂದು ದೊಡ್ಡವ್ವಿಗೆ ಹೇಳಿದೆ. ಆಕೆಗೆ ಅದು ತಲೆಗೇ ಹೋಗಲಿಲ್ಲ. "ಹಾಡು ಎತ್ತಿದ್ಮೇಲೆ ಉತ್ತರ ಕೊಡ್ದೇ ಬಿಡ್ತ್ರಾ? ನೀ ಸುಮ್ನಿರು," ಎಂದು ಹೊರಟೇಬಿಟ್ಟಳು. ನನ್ನ ಟೆಂಪೋದಲ್ಲಿ ಕೂತು ಕಾಲೊನಿಯಿಂದ ಕಾಲೊನಿಗೆ ತಿರುಗಿ ಹೆಂಗಸರನ್ನು ಒಟ್ಟುಮಾಡಿದಳು. ಕಿನ್ನರಕ್ಕೆ ಹೋದಾಗ ಕೆಳಸಾಲಿನವಳು ಅಂಗಳದಲ್ಲಿ ಮೀನು ಒಣಹಾಕುತ್ತಿದ್ದಳು. ತಲೆಯೆತ್ತದೆ ಅಂದಳು:

"ಮರನೂ ಹೋಯ್ತು, ಹಣ್ಣೂ ಹೋಯ್ತು. ಇನ್ನೆಂತಾ ಜಗಳಕ್ಕೆ ಬಂದ್ಯೆ?"

"ಜಗಳಕ್ಕಲ್ವೆ. ಉತ್ತರಕ್ಕೆ ಬಂದೆ."

"ನಂಗೆ ಹಾಡೂಕೆ ಹಲ್ಲಿಲ್ಲ."

"ಹಲ್ಲಿದ್ದಾಗಾದ್ರೂ ನೀ ನೆಟ್ಟಗೆ ಹಾಡಿದ್ದು ಯಾವಾಗ್ಲೆ?"

ಕೆಳಸಾಲಿನವಳು ಮೀನಿನ ಕೈಯಲ್ಲೇ ಬಾಯಿ ಮುಚ್ಚಿಕೊಂಡು ನಕ್ಕಳು. ಅಷ್ಟು ವರ್ಷಗಳ ಮೇಲೆ ಅವರಿಬ್ಬರೂ ಗದ್ದೆಯ ಹೊರಗೆ ಆಡಿದ ಮೊದಲ ಮಾತು ಅದು.

ಉದ್ಘಾಟನೆಯ ಸಂಜೆ ಕಡಲ ದಂಡೆಯ ಮೈದಾನ ತುಂಬಿತ್ತು. ದೊಡ್ಡವ್ವಿ ಗೊರಬನ್ನೂ ತಂದಿದ್ದಳು, ಮಳೆಯಿಲ್ಲದಿದ್ದರೂ. ಹೆಂಗಸರು ಮುಂದಿನ ಕುರ್ಚಿಗಳಲ್ಲಿ ಎರಡು ಸಾಲಾಗಿ ತಾವೇ ಹಂಚಿಕೊಂಡು ಕೂತರು. ವೇದಿಕೆಯ ಮೇಲೆ ಹೊರಗಿನಿಂದ ಬಂದ ತಂಡ, ಕೀಬೋರ್ಡು, ಕೊಳಲು, ಒಂದೇ ಬಣ್ಣದ ಸೀರೆಯುಟ್ಟ ಹುಡುಗಿಯರು. ಎಲ್ಲರೂ ಎದ್ದು ನಿಲ್ಲಬೇಕೆಂದು ಸೂಚನೆ ಬಂತು. ಮೈದಾನವೇ ಎದ್ದು ನಿಂತಿತು.

"ಯಾವೂರ ಅಗೆಯೆ ನೀನು, ಯಾವೂರ ನೀರೆ..."

ಚೆನ್ನಾಗಿಯೇ ಹಾಡಿದರು, ಸುಳ್ಳು ಹೇಳಬಾರದು. ಉತ್ತರವಿರಬೇಕಾದ ಜಾಗದಲ್ಲಿ ಕೊಳಲು ಇಟ್ಟಿದ್ದರು. ಊರೂರಿಗೂ ಬೇರೆ ಬೇರೆ ಉತ್ತರ ಇದ್ದದ್ದು ಅವರಿಗೆ ತೊಡಕಾಗಿರಬೇಕು, ತೆಗೆದೇಬಿಟ್ಟಿದ್ದರು. ಕೊಳಲು ಶುರುವಾಗುವುದಕ್ಕೂ ನಮ್ಮ ಹೆಂಗಸರು ಬಾಯಿ ತೆರೆಯುವುದಕ್ಕೂ ಸರಿಹೋಯಿತು. "ನಡುಗೇರಿ ಅಗೆಯೆ ನಾನು, ನಡುಗೇರಿ ನೀರೆ!" ಮೈಕಿಲ್ಲದ ಹತ್ತಾರು ಹಳೆಯ ಗಂಟಲುಗಳು. ಕೇಳಿದವರು ವೇದಿಕೆಯ ಮೇಲಿದ್ದರಲ್ಲ, ಹಾಗಾಗಿ ದೊಡ್ಡವ್ವಿಯೂ ಉತ್ತರಿಸುವವರ ಜೊತೆ ಸೇರಿದಳು. ಜನ್ಮದಲ್ಲಿ ಮೊದಲ ಸಲ ಆಕೆ ಕೆಳಸಾಲಿಗೆ ಇಳಿದಿದ್ದಳು.

ಜನ ತಿರುಗಿ ನೋಡಿದರು. ಯಾರೋ ನಕ್ಕರು, ಇನ್ಯಾರೋ ಫೋನ್ ಎತ್ತಿದರು. ಎದೆಗೆ ಬಿಲ್ಲೆ ಸಿಕ್ಕಿಸಿಕೊಂಡ ಒಬ್ಬ ಓಡಿಬಂದ. "ಅಜ್ಜಿ, ಸುಮ್ನೆ ನಿಂತ್ಕೊಳ್ಳಿ. ಹಾಡಿಗೆ ಗೌರವ ಕೊಡಿ!"

"ಅವ್ರು ಕೇಳ್ತಾ ಇದ್ರಲ್ಲ ತಮಾ," ಎಂದಳು ಕೆಳಸಾಲಿನವಳು. "ಹೇಳ್ದೇ ಇರೂಕೆ ಆಗ್ತದ್ಯಾ?"

ಎರಡನೆಯ ಸಲ ಪ್ರಶ್ನೆ ಬಂದಾಗ ಉತ್ತರಿಸಿದವರು ಕಡಿಮೆ. ಆಮೇಲೆ ದೊಡ್ಡವ್ವಿ ಒಬ್ಬಳೇ. ಬಿಲ್ಲೆಯವನು ಆಕೆಯ ಭುಜದ ಮೇಲೆ ಕೈಯಿಟ್ಟ. ಅದಾದ ಮೇಲೆ ವೇದಿಕೆಯವರು ಕೇಳುತ್ತಲೇ ಹೋದರು, ಕೊಳಲು ಊದುತ್ತಲೇ ಹೋಯಿತು. ನಾನು ಮೈಕಿನ ಮೇಜಿನ ಬಳಿ ನಿಂತು ಆಕೆಯ ಬಲಗೈ ನೋಡುತ್ತಿದ್ದೆ. ಸಸಿ ಹಿಡಿದಾಗಿನ ಹಾಗೆ ಬೆರಳು ಕೂಡಿಸಿ ಕೈ ಮೇಲೆತ್ತಿದ್ದಳು. ಹಾಡು ಮುಗಿದರೂ ಕೈ ಇಳಿಯಲಿಲ್ಲ. ಶಾಲು ಹೊದೆಸಲು ಬಂದವರು ನಮಸ್ಕಾರ ಎಂದುಕೊಂಡು ತಾವೂ ಕೈಮುಗಿದರು.

ಹಿಂದಿರುಗುವಾಗ ಟೆಂಪೋದಲ್ಲಿ ಕೆಳಸಾಲಿನವಳು ಕೆಣಕಿದಳು. "ನಿನ್ನ ಸಂಗಡ ಬಂದು ನನ್ನ ಮರ್ಯಾದಿ ಹೋಯ್ತು ನೋಡೆ." ದೊಡ್ಡವ್ವಿ ಒಂದು ಮಾತೂ ತಿರುಗಿಸಿ ಆಡಲಿಲ್ಲ. ನನಗೆ ಭಯವಾದದ್ದು ಆಗಲೇ. ಶೆಟಗೇರಿಯಲ್ಲಿ ಇಳಿಯುವಾಗ ನನ್ನನ್ನು ಕೇಳಿದಳು: "ತಿಳ್ಕೊಳ್ಳೂಕೆ ಮನಸಿಲ್ದಿದ್ರೆ ಯಾವೂರು ಅಂತ ಎಂತಕೆ ಕೇಳಿದ್ರಾ, ತಮಾ?" ಗೊರಬನ್ನು ಟೆಂಪೋದಲ್ಲೇ ಬಿಟ್ಟು ಹೋದಳು. ಮರೆತಳೇನೋ ಎಂದು ಮರುದಿನ ಕೊಡಲು ಹೋದೆ. "ನಿನ್ನಲ್ಲೇ ಇರ್ಲಿ," ಎಂದಳು.

ಆಮೇಲೆ ಆಕೆ ಹಾಡಲಿಲ್ಲ. ಮೊಮ್ಮಗುವನ್ನು ಮಲಗಿಸುವಾಗಲೂ ಬರೀ ತಟ್ಟುತ್ತಿದ್ದಳು. ಹೋಗಿಬಿಟ್ಟದ್ದೂ ಹಾಗೆಯೇ, ಒಂದು ಮಳೆಗಾಲದ ನಡುವೆ. ಸುದ್ದಿ ತಿಳಿದು ಕಿನ್ನರದಿಂದ ಕೆಳಸಾಲಿನವಳು ಬಂದಳು. ಅಳಲಿಲ್ಲ. ಕಾಲ ಬಳಿ ಕೂತು ದೊಡ್ಡವ್ವಿಯ ಹೆಬ್ಬೆರಳು ಅಲುಗಿಸಿ, "ಕೇಳೆ... ಒಂದ್ಸಲ ಕೇಳೆ. ಹೇಳ್ತೆ ನಾನು," ಎಂದಳು. ಸಾವಿನ ಮನೆಯಲ್ಲಿ ಆ ಮಾತು ಕೇಳಿದ ಮೇಲೆ ನಾನು ಹೊರಗೆ ಬಂದು ಬಸಳೆಯ ಚಪ್ಪರ ಹಿಡಿದುಕೊಂಡು ನಿಂತೆ...

ಈಗ ಆ ಹಾಡಿಗೆ ಒಳ್ಳೆಯ ಕಾಲ. ಪ್ರತಿ ಸಮಾರಂಭಕ್ಕೂ ಮೊದಲು ಅದೇ. ಕುರ್ಚಿ ಹಾಕಿಸುವವನು ನಾನೇ ಆದ್ದರಿಂದ ಪ್ರತಿ ಸಲವೂ ಕೇಳಿಸಿಕೊಳ್ಳುತ್ತೇನೆ. ಬಸ್ಸಿನಲ್ಲಿ ಅದೇ ರಿಂಗ್‌ಟೋನು. ಇದು ನಮ್ಮ ಗುರುತು ಎಂದು ಭಾಷಣ ಮಾಡುತ್ತಾರೆ. ನಡುಗೇರಿಯ ಹೆಸರು ಯಾವ ಬಸ್ಸಿನ ಬೋರ್ಡಿನಲ್ಲೂ ಇಲ್ಲ. ಊರನ್ನು ತೆಗೆದುಕೊಂಡರು. ಆಮೇಲೆ ಊರು ಯಾವುದೆಂದು ಕೇಳುವ ಪ್ರಶ್ನೆಯನ್ನೂ ತೆಗೆದುಕೊಂಡು, ಅದಕ್ಕೆ ಎದ್ದು ನಿಲ್ಲಿರಿ ಎಂದರು. ಇಷ್ಟು ಅಚ್ಚುಕಟ್ಟಾದ ವ್ಯಾಪಾರವನ್ನು ನಾನು ಎಂದೂ ಮಾಡಿಲ್ಲ.

ಆ ದಿನ ದೇವಬಾಗದಲ್ಲಿ ಊಟಕ್ಕೆ ಮೊದಲು ಕೊರಿಯಾದವರಲ್ಲಿ ಹಿರಿಯನೊಬ್ಬ ತಮ್ಮ ಜನಪದ ಹಾಡೊಂದನ್ನು ಎತ್ತಿದ. ಒಬ್ಬೊಬ್ಬರಾಗಿ ಎಲ್ಲರೂ ಸೇರಿದರು. ಯಾರೂ ಎದ್ದು ನಿಲ್ಲಲಿಲ್ಲ. ನಡುವೆ ಇಬ್ಬರ ಧಾಟಿ ಬೇರೆಯಾಯಿತು, ನಗುತ್ತಾ ಅಲ್ಲೇ ಜಗಳವಾಡಿದರು. ಗೊರಬಿನ ಹುಡುಗಿ ತನ್ನ ಭಾಷೆಯಲ್ಲಿ ಫೋನಿಗೆ ಹೇಳಿ ಹಿಂದಿಯಲ್ಲಿ ನನಗೆ ಕೇಳಿಸಿದಳು. ಪ್ರತಿ ಸೀಮೆಗೂ ಈ ಹಾಡಿನದೇ ಬೇರೆ ಧಾಟಿ, ಬೇರೆ ಮಾತು. ಪರರು ತಮ್ಮ ನಾಡನ್ನು ಆಳುತ್ತಿದ್ದಾಗ ಅಜ್ಜಂದಿರು ಇದನ್ನೇ ಹಾಡಿಕೊಂಡಿದ್ದರು. ದೇಶ ಎರಡಾದ ಮೇಲೂ ಎರಡೂ ಕಡೆಯವರಿಗೆ ಇದು ತಮ್ಮದೇ. ಯಾರು ಬೇಕಾದರೂ ತಮ್ಮದೊಂದು ಸಾಲು ಸೇರಿಸಬಹುದು... ನನಗೆ ಹೊಟ್ಟೆ ಉರಿಯಿತು. ಒಂದಿಡೀ ದೇಶದ ಗುರುತಾದರೂ ಆ ಹಾಡಿನಲ್ಲಿ ಊರೂರಿಗೆ ಜಾಗ ಉಳಿದಿತ್ತು.

ನಿಮ್ಮದು ಯಾವುದು ಎಂದು ಕೇಳಿದಳು. ನಾನು ಫೋನಿನಲ್ಲಿದ್ದ ಸಮಿತಿಯ ಹಾಡು ಹಾಕಿದೆ. ಕೊಳಲು ಬಂದಾಗ ಆಕೆ ಕೈಯೆತ್ತಿ ನಿಲ್ಲಿಸಿದಳು. ಇಲ್ಲಿ ಯಾರೋ ಹಾಡಬೇಕಲ್ಲವೇ ಎಂದಳು. ಹೌದು ಎಂದೆ. ಪ್ರಶ್ನೆಯ ಅರ್ಥವನ್ನೂ ಉತ್ತರದ ಕಟ್ಟುಪಾಡನ್ನೂ ಹೇಳಿದೆ. ಆಕೆ ಇನ್ನೆರಡು ಸಲ ಕೇಳಿ ಕಲಿತು, ಅಂಗಳಕ್ಕಿಳಿದು, ನೆನೆದ ಗೊರಬಿನಡಿ ಬಗ್ಗಿ, ತೊದಲುತ್ತಾ ಹಾಡಿದಳು. "ಯಾವೂರ ಅಗೆಯೆ ನೀನು..." ಹಾಡಿ, ಬೆರಳು ಕೂಡಿಸಿದ ಕೈಯನ್ನು ಮೇಲೇ ಹಿಡಿದು, ನನ್ನ ಮುಖ ನೋಡುತ್ತಾ ಕಾದಳು.

ಬಾಯಿಂದಲೇ ಬದುಕು ಕಟ್ಟಿದವನು ನಾನು, ಆದರೆ ಹಾಡಲು ಬಾರದು. ಉತ್ತರ ಹೆಂಗಸರದು ಎಂದು ಕಲಿಯಲೂ ಇಲ್ಲ. ಕೊನೆಗೆ ಬರೀ ಮಾತಿನಲ್ಲಿ, "ನಡುಗೇರಿ," ಎಂದೆ.

ಅವರೆಲ್ಲ ಚಪ್ಪಾಳೆ ತಟ್ಟಿದರು. ಹುಡುಗಿ ಖುಷಿಯಿಂದ ಕೈ ಕೆಳಗಿಳಿಸಿ, ಇಲ್ಲದ ಸಸಿಯನ್ನು ನನ್ನ ಅಂಗಳದ ಮರಳಿನಲ್ಲಿ ಊರಿದಳು.

ದೊಡ್ಡವ್ವಿಯಾಗಿದ್ದರೆ ಊರುತ್ತಿರಲಿಲ್ಲ. ಒಂದೇ ಗಂಟಲಿನ, ರಾಗವಿಲ್ಲದ ಉತ್ತರ ಆಕೆಗೆ ಸಾಲುತ್ತಿರಲಿಲ್ಲ. ಕೈ ಮೇಲೇ ಇರುತ್ತಿತ್ತು.